ನೀಲಿ ಕಾಗದದ ಇರುಳು

“ಇನ್ನೂ ಹೋಗಿಲ್ಲ ಕಣೋ. ಎಡಗಿವಿ ಕೆಳಗೆ ನೋಡು, ಬಾಣಲೆ ತಳ ಇದ್ದಹಾಗಿದೆ,” ಎಂದಳು ಫೋರ್ತುನಾತಾ, ತಮ್ಮನ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸುತ್ತ.

ಗ್ರಿಮಾಲ್ದೊ ಕಣ್ಣು ಮುಚ್ಚಿಕೊಂಡ. ವಯಸ್ಸು ನಲವತ್ತರ ಹತ್ತಿರ ಬಂದಿದ್ದರೂ ವಿಧವೆ ಅಕ್ಕನ ಕೈಗೆ ಸಿಕ್ಕರೆ ಅವನ ಮುಖ ಶಾಲೆಗೆ ಹೊರಟ ಹುಡುಗನ ಮುಖವೇ. ಅವಳು ಹಂದಿಯ ಕೊಬ್ಬನ್ನು ಹತ್ತಿಗೆ ಮೆತ್ತಿ ತಿಕ್ಕಿದಳು, ಆಮೇಲೆ ನಿಂಬೆ ಹೋಳು, ಅದೂ ಸಾಲದೆಂದು ಬಟ್ಟೆ ಒಗೆಯುವ ಸೋಪು. ಚರ್ಮ ಉರಿಯಿತು, ಕಪ್ಪು ಮಾತ್ರ ಕದಲಲಿಲ್ಲ. ಮೊನ್ನೆ ಸಿನಿಮಾದ ಚಿತ್ರೀಕರಣದಲ್ಲಿ ಮುಖಕ್ಕೆ ಬಳಿಯುವ ಮಸಿ ಬೆವರಿಗೆ ಇಳಿದುಹೋಗುತ್ತದೆಂದು ನೇಕಾರರ ಕೇರಿಯ ಹೆಂಗಸೊಬ್ಬಳು ಅದಕ್ಕೆ ಉಣ್ಣೆಗೆ ಹಾಕುವ ಆಕ್ರೋಟದ ಬಣ್ಣ ಬೆರೆಸಿದ್ದಳು. ಕಂಬಳಿಯಲ್ಲಿ ಮೂರು ತಲೆಮಾರು ನಿಲ್ಲುವ ಬಣ್ಣ ಮನುಷ್ಯನ ಕೆನ್ನೆಯಲ್ಲಿ ಮೂರು ದಿನ ನಿಲ್ಲುವುದಿಲ್ಲವೇ ಎಂದು ಆಮೇಲೆ ನಕ್ಕಿದ್ದಳು. ಅಷ್ಟು ಸರಳ. ಕಾರಣ ಗೊತ್ತಿದೆ, ಬೆರೆಸಿದವಳ ಹೆಸರೂ ಗೊತ್ತಿದೆ. ಆದರೂ ಬೆಳಗಿನ ಜಾವ ಎಚ್ಚರವಾದಾಗ, ಕನ್ನಡಿ ನೋಡುವ ಮೊದಲೇ, ಅವನ ಕೈ ತಾನಾಗಿ ಕೆನ್ನೆಗೆ ಹೋಗಿತ್ತು. ಮೂಗುಬೊಟ್ಟು ಬಿದ್ದುಹೋಯಿತೇನೋ ಎಂದು ಹೆಂಗಸರು ಮುಟ್ಟಿ ನೋಡಿಕೊಳ್ಳುವ ಹಾಗೆ.

ಅಕ್ಕ ತಿಕ್ಕುತ್ತಲೇ ಮಾತಾಡುತ್ತಿದ್ದಳು. ಅಂಗಳದಲ್ಲಿ ಕಟ್ಟಿದ ಕುರಿಮರಿ ರಾತ್ರಿಯೆಲ್ಲ ಅತ್ತಿತು, ಉಡುಗೊರೆಯ ಮರಿ ಅಳಬಾರದು, ಅದಕ್ಕೊಂದು ಕೆಂಪು ಟೇಪು ಕಟ್ಟು. ಇಸ್ತ್ರಿ ಮಾಡಿದ ಅಂಗಿ ಕುರ್ಚಿ ಮೇಲಿದೆ. ಇಂಥ ಮುಖ ಹೊತ್ತು ಮಗುವಿಗೆ ಮೊದಲ ಕೂದಲು ಕತ್ತರಿಸಲು ಹೋಗುವ ಗಂಡಸನ್ನು ತಾನು ಹುಟ್ಟಿದಾಗಿನಿಂದ ಕಂಡಿಲ್ಲ. ಆಮೇಲೆ ದನಿ ಸ್ವಲ್ಪ ಇಳಿಸಿ, ಗೋಡೆಗೆ ಹೇಳುವವಳಂತೆ ಹೇಳಿದಳು: “ಮಗುವಿಗೆ ಕತ್ತರಿ ಹಾಕಿದ ಮೇಲೆ ಅದರ ತಾಯಿ ಎರ್ಮೆಲಿಂದಾ ಇವತ್ತಿಂದ ನಿನಗೆ ಕೊಮಾದ್ರೆ, ಗೊತ್ತಲ್ಲ. ಒಡಹುಟ್ಟಿದವಳಿಗಿಂತ ಹೆಚ್ಚು. ಅಂಗಡೀಲಿ ಅವಳ ಮುಂದೆ ಹಲ್ಲು ಬಿಡ್ತಿದ್ದ ಹಾಗೆ ಇನ್ನು ಬಿಡೋಕಾಗಲ್ಲ.”

“ನಾನ್ಯಾವಾಗ ಹಲ್ಲು ಬಿಟ್ಟೆ?”

“ನಿನ್ನ ಬಾಯಲ್ಲ, ನಾನು ನೋಡ್ತಿರೋದು ಕೆನ್ನೆ,” ಎಂದಳು ಅಕ್ಕ, ಮತ್ತೆ ತಿಕ್ಕಿದಳು.

ಅವಳಿಗೆ ಎಷ್ಟು ಗೊತ್ತು? ಮಾರುಕಟ್ಟೆಯ ಮೂಲೆಯಲ್ಲಿ ಅವನ ಹೊಲಿಗೆ ಅಂಗಡಿ, ಶಾಲಾ ಹುಡುಗರ ಸಮವಸ್ತ್ರ ಹೊಲಿಯುವ ಕೆಲಸ. ಅಳತೆ ಕೊಡಲು ಬರುವವರು ಬಂದು ಹೋಗುತ್ತಾರೆ, ಅದರಲ್ಲಿ ಎರ್ಮೆಲಿಂದಾ ಒಬ್ಬಳು. ಅವಳ ಗಂಡ ಅಬಿಲಿಯೋ ಆಗ ಕಾಡಿನ ಕೆಳಸೀಮೆಯಲ್ಲಿ ಚಿನ್ನ ಸೋಸಲು ಹೋಗಿದ್ದ. ಹೋಗುವ ಮೊದಲು, ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಮನೆ ಕಡೆ ಒಂದು ಕಣ್ಣಿರಲಿ ಮಾರಾಯ ಎಂದು ಇವನ ಹೆಗಲು ತಟ್ಟಿದ್ದ. ಆ ಹೆಗಲು ಇವತ್ತಿಗೂ ಒಮ್ಮೊಮ್ಮೆ ಭಾರವಾಗುತ್ತದೆ. ಆ ಮಧ್ಯಾಹ್ನಗಳಲ್ಲಿ ಊರಿಗೆ ಊರೇ ಉಂಡು ಮಲಗಿರುತ್ತಿತ್ತು. ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿರುತ್ತಿರಲಿಲ್ಲ. ಅಬಿಲಿಯೋ ವಾಪಸು ಬಂದ, ಇಟ್ಟಿಗೆ ಸಾಗಿಸುವ ಲಾರಿ ಓಡಿಸತೊಡಗಿದ, ಅಗುಳಿ ಬಿತ್ತು. ಆದರೆ ಲಾರಿ ಕರಾವಳಿಯ ಕಡೆ ಹೋದ ದಿನಗಳಲ್ಲಿ, ಅಪರೂಪಕ್ಕೆ, ಬೀಳುತ್ತಿರಲಿಲ್ಲ. ನಡುವೆ ಮಗು ಹುಟ್ಟಿತ್ತು. ಯಾವ ತಿಂಗಳು ಏನು ಎಂದು ಲೆಕ್ಕ ಹಾಕುವ ಧೈರ್ಯವನ್ನು ಗ್ರಿಮಾಲ್ದೊ ಮಾಡಿರಲಿಲ್ಲ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಎರಡೆರಡು ಸಲ ಅಳೆಯುವ ಮನುಷ್ಯ, ಆ ಒಂದನ್ನು ಮಾತ್ರ ಅಳೆಯದೆ ಮಡಚಿಟ್ಟಿದ್ದ. ಈಗ ಹೋದ ತಿಂಗಳು ಅದೇ ಅಬಿಲಿಯೋ ಅಂಗಡಿಗೆ ಬಂದು, ಹ್ಯಾಟು ಕೈಯಲ್ಲಿ ಹಿಡಿದು, ಎಂದಿಲ್ಲದ ಮರ್ಯಾದೆಯಿಂದ, ನಮ್ಮ ಎಲ್ಮೆರ್‌ಗೆ ಮೊದಲ ಕತ್ತರಿ ನೀನೇ ಹಾಕಬೇಕು ಎಂದು ಕೇಳಿದಾಗ ಇವನ ಬಾಯಿಂದ ಹ್ಞೂಂ ಎಂಬುದೇ ಬಂದಿತ್ತು. ಬೇರೇನು ಬರಲು ಸಾಧ್ಯವಿತ್ತು? ಬೇಡ ಎಂದರೆ ಏಕೆ ಎಂದು ಕೇಳುತ್ತಾರೆ. ಕತ್ತರಿ ಹಾಕಿದರೆ ಅವಳು ಕೊಮಾದ್ರೆ. ಕೊಮಾದ್ರೆಯ ಬಾಗಿಲು ತಳ್ಳಿದವನು ಮನುಷ್ಯನಲ್ಲ. ಅವನು ಏನೆಂದು ಈ ಊರಿನ ಎಳೆಮಕ್ಕಳಿಗೂ ಗೊತ್ತು. ಗೊತ್ತಿಲ್ಲದವರು ನೆಮೆಸಿಯೋನ ಸಿನಿಮಾ ನೋಡಬಹುದು.

ನೆಮೆಸಿಯೋ ಮದುವೆ, ತಿಥಿ, ಶಾಲಾ ವಾರ್ಷಿಕೋತ್ಸವಗಳ ವಿಡಿಯೋ ತೆಗೆಯುವವನು. ಮಿಕ್ಕಿದ ಟೇಪುಗಳಲ್ಲಿ ದೆವ್ವದ ಸಿನಿಮಾ ಮಾಡುತ್ತಾನೆ, ಪ್ರೊಜೆಕ್ಟರು ಹೊತ್ತು ಹಳ್ಳಿ ಹಳ್ಳಿಯ ಪಂಚಾಯಿತಿ ಹಾಲಿನಲ್ಲಿ ತೋರಿಸುತ್ತಾನೆ. ಜನ ರಾಜಧಾನಿಯಿಂದ ಬರುವ ಸಿನಿಮಾಕ್ಕೆ ಸಿಳ್ಳೆ ಹೊಡೆದು ಅರ್ಧಕ್ಕೆ ಎದ್ದು ಹೋದರೂ ಇವನ ಸಿನಿಮಾಕ್ಕೆ ಕಂಬಳಿ, ಹುರಿದ ಜೋಳ ಕಟ್ಟಿಕೊಂಡು ಬಂದು ಕೂರುತ್ತಾರೆ, ಏಕೆಂದರೆ ಅದರಲ್ಲಿ ಕಿರುಚಿ ಓಡುವವಳು ಪಕ್ಕದ ಮನೆಯ ಅತ್ತೆ, ಗಂಟಲು ಸೀಳಿಸಿಕೊಂಡು ಬೀಳುವವನು ಸೈಕಲ್ ರಿಪೇರಿಯವನು. ಈ ಸಲದ್ದು ಕರ್ಕಾಚದ ಕಥೆ. ಸಂಬಂಧ ಮೀರಿ ಕೂಡಿದವರು ಕತ್ತಲಾದ ಮೇಲೆ ಹೊರೆ ಹೊರುವ ಉದ್ದ ಕತ್ತಿನ ಪ್ರಾಣಿ ಲಾಮಾದ ಮೈ ತಳೆದು, ಕರ್ ಕರ್ ಕರ್ ಎಂದು ಕೂಗುತ್ತ ಬೆಟ್ಟದಲ್ಲಿ ಅಲೆಯುತ್ತಾರಲ್ಲ, ಅದು. ಗ್ರಿಮಾಲ್ದೊನನ್ನು ಆರಿಸಿದ್ದಕ್ಕೆ ಕಾರಣ ಅವನ ಕತ್ತು. ಉದ್ದ ಕತ್ತು, ಮುಂದಕ್ಕೆ ಸ್ವಲ್ಪ ಬಾಗಿದ್ದು. ಶಾಲೆಯಲ್ಲಿ ಮೇಷ್ಟರಿಂದ ಹಿಡಿದು ಎಲ್ಲರೂ ಲಾಮಾ ಎಂದೇ ಕರೆದವರು. ನಿನಗೆ ವೇಷದ ಖರ್ಚು ಅರ್ಧಕ್ಕರ್ಧ ಉಳಿಯುತ್ತೆ ಎಂದಿದ್ದ ನೆಮೆಸಿಯೋ. ಉಳಿದ ಅರ್ಧವನ್ನು ಗ್ರಿಮಾಲ್ದೊನೇ ಹೊಲಿದುಕೊಂಡ. ಹಳೆಯ ತುಪ್ಪಳದ ತೊಗಲುಗಳನ್ನು ಜೋಡಿಸಿ, ಕಂಕುಳಲ್ಲಿ ಹಿಡಿಯದ ಹಾಗೆ ಒಂದಿಷ್ಟು ಸಡಿಲ ಬಿಟ್ಟು, ತನ್ನ ಅಳತೆ ತಾನೇ ತೆಗೆದು, ಮೃಗವನ್ನು ಹೊಲಿದ.

ಕೆಂಪು ಟೇಪು ಕಟ್ಟಿದ ಮರಿಯನ್ನು ಕಂಕುಳಲ್ಲಿ ಅವುಚಿಕೊಂಡು ಅವನು ಹೊರಟಾಗ ಬಿಸಿಲು ಚುರುಗುಡುತ್ತಿತ್ತು. ಇಂಥ ಬಿಸಿಲಲ್ಲೇ ಮೊನ್ನೆ ರಾತ್ರಿಯಾಗಿದ್ದು. ದೀಪಗಳಿಗೆ ದುಡ್ಡಿಲ್ಲದ ನೆಮೆಸಿಯೋ ಕ್ಯಾಮೆರಾದ ಕಣ್ಣಿಗೆ ಉಡುಗೊರೆ ಸುತ್ತುವ ನೀಲಿ ಕಾಗದ ಅಂಟಿಸಿ ಮಟಮಟ ಮಧ್ಯಾಹ್ನವನ್ನು ಇರುಳು ಮಾಡುತ್ತಾನೆ. ಪುಟ್ಟ ಪರದೆಯಲ್ಲಿ ಇಣುಕಿದರೆ ನಿಜಕ್ಕೂ ಬೆಳದಿಂಗಳು. ತಲೆಯೆತ್ತಿದರೆ ಕಣ್ಣು ಕುಕ್ಕುವ ಸೂರ್ಯ, ಬೆವರು, ನೊಣ. ಆ ಬಿಸಿಲಿನ ಇರುಳಲ್ಲಿ ಊರವರೆಲ್ಲ ಪಂಜು ಹಿಡಿದು ಬೆಟ್ಟದ ತಿಟ್ಟಿನ ಮೇಲೆ ಅವನನ್ನು ಅಟ್ಟಿಸಿಕೊಂಡು ಬಂದರು. ಮುಂದಾಳು ಅಬಿಲಿಯೋ. ಮೃಗವನ್ನು ಕೆಡವಿ ಹಗ್ಗ ಬಿಗಿಯಬೇಕು, ಮುಖಕ್ಕೆ ಮಸಿ ಬಳಿದು ಬಿಡಬೇಕು, ಬೆಳಗಾದ ಮೇಲೆ ಊರಲ್ಲಿ ಯಾರ ಮುಖದಲ್ಲಿ ಮಸಿ ಉಳಿದಿದೆಯೋ ಅವನೇ ಅದು. ಆಟಕ್ಕೆ ಬಿಗಿಯಿರಿ, ಸುಮ್ಮನೆ ಸುತ್ತಿದಂತೆ ಮಾಡಿ ಎಂದು ನೆಮೆಸಿಯೋ ಗಂಟಲು ಹರಿಯುವಂತೆ ಕೂಗುತ್ತಿದ್ದ. ಅಬಿಲಿಯೋನ ತಾಯಿ ಸಾತುರ್ನಿನಾ, ಊರಿಗೆಲ್ಲ ಸಾತು ಅಜ್ಜಿ, ಅವಳಿಗೆ ಪಂಜು ಹಿಡಿಯುವ ಪಾತ್ರವಷ್ಟೇ. ಅವಳು ಪಂಜನ್ನು ಪಕ್ಕದವಳ ಕೈಗಿಟ್ಟು, ಸೊಂಟದಿಂದ ಕಪ್ಪು ಬಿಳುಪು ಉಣ್ಣೆಯ ಹಗ್ಗ ತೆಗೆದಳು, ಎಡಕ್ಕೆ ಹೊಸೆದದ್ದು, ಕೆಟ್ಟದ್ದು ದಾಟದಿರಲೆಂದು ಸತ್ತವರ ಕಾಲಿಗೂ ಬಾಣಂತಿಯ ಮಣಿಕಟ್ಟಿಗೂ ಕಟ್ಟುವಂಥದ್ದು. ಎಡಗೈಯಿಂದ ಒಂದು ಗಂಟು ಹಾಕಿದಳು. ನೆಮೆಸಿಯೋ ಕಟ್ ಎಂದ ಮೇಲೆ ಯಾರಿಂದಲೂ ಬಿಚ್ಚಲಾಗಲಿಲ್ಲ. ಕತ್ತರಿ ತಂದು ಕತ್ತರಿಸಬೇಕಾಯಿತು. ಅಜ್ಜಿ ಬಗ್ಗಿ ಅವನ ಮುಖವನ್ನು ಹತ್ತಿರದಿಂದ ನೋಡಿ, ನಾಳೆ ಬೆಳಗಿನವರೆಗೂ ತೊಳೀಬೇಡ ಕಣಪ್ಪ, ತೊಳೆದುಬಿಟ್ರೆ ಅದು ಯಾರು ಅಂತ ನೋಡಿದ ಹಾಗಾಗಲ್ಲ ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವನು ಮನೆಗೆ ಹೋದವನೇ ತೊಟ್ಟಿಯಲ್ಲಿ ತಲೆ ಅದ್ದಿದ್ದ.

ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ಮೇಲೆ ಪಾತ್ರೆ ತಿರುಗಿಸಿ ಐಸ್‌ಕ್ರೀಂ ಮಾಡುವ ಹೆಂಗಸರು ಅವನನ್ನು ಕಂಡು ಕೈ ನಿಲ್ಲಿಸಿದರು. ಅಯ್ಯೋ ನೋಡ್ರೇ, ಹಗಲಲ್ಲೇ ಹೊರಟಿದೆ, ಕಂಕುಳಲ್ಲಿ ಊಟ ಬೇರೆ, ಎಂದಳು ಒಬ್ಬಳು. ಇನ್ನೊಬ್ಬಳು, ಒಂದು ಸಲ ಕೂಗಿ ತೋರಿಸಪ್ಪ, ಒಂದು ಲೋಟ ಬಿಟ್ಟಿ ಕೊಡ್ತೀನಿ ಎಂದಳು. ಅವನು ಮರಿಯ ಕಿವಿ ಮುಚ್ಚುವವನಂತೆ ಮಾಡಿ ನಕ್ಕು ಮುಂದೆ ಹೋದ. ಹಿಂದಿನಿಂದ ಮಕ್ಕಳ ಹಿಂಡು ಕರ್ ಕರ್ ಎಂದಿತು. ಮಕ್ಕಳದ್ದು ಕಪ್ಪೆಯ ಕೂಗು, ಅದಲ್ಲ. ಆ ಕೂಗು ಹೇಗಿರುತ್ತದೆಂದು ಈ ಮಾರುಕಟ್ಟೆಯಲ್ಲಿ ಅವನಷ್ಟು ತಿಳಿದವರಿಲ್ಲ. ಕೂಗನ್ನು ರೆಕಾರ್ಡು ಮಾಡಲು ನೆಮೆಸಿಯೋ ಹೊರಗಿನ ಸದ್ದು ಬಾರದಂತೆ ಮಂಚದ ಹಾಸಿಗೆಗಳನ್ನೆಲ್ಲ ಉಗ್ರಾಣದ ಗೋಡೆಗೆ ಆನಿಸಿ, ಬಾಗಿಲು ಹಾಕಿ, ಮೈಕು ಕೊಟ್ಟಾಗ ಮೊದಲು ಇವನಿಗೂ ಕಪ್ಪೆಯ ಕೂಗೇ ಬಂದಿತ್ತು. ಆಮೇಲೆ ಕತ್ತಲಿಗೆ ಕಣ್ಣು ಹೊಂದಿತು, ಹಾಸಿಗೆಗಳ ಹಳೆಯ ಉಚ್ಚೆಯ ವಾಸನೆ ಮೂಗಿಗೆ ಹತ್ತಿತು, ಅವ್ವನ ಶಾಲಿನ ಒಳಗೆ ತಾನು ಅಡಗಿ ಕೂತ ಹಳ್ಳಿಯ ಮನೆ ಬಂದುಬಿಟ್ಟಿತು. ಸೈನಿಕರೂ ಅವರ ವಿರುದ್ಧ ಬಂದೂಕು ಹಿಡಿದವರೂ ಸರದಿಯಲ್ಲಿ ಹಳ್ಳಿಗೆ ನುಗ್ಗುತ್ತಿದ್ದ ವರ್ಷಗಳು ಅವು. ಬಾಗಿಲ ಆಚೆ ಯಾರೋ ಮಣ್ಣಲ್ಲಿ ತೆವಳುತ್ತಿದ್ದರು, ಬಾಗಿಲು ಕೆರೆಯುತ್ತಿದ್ದರು, ಗಂಟಲಿಂದ ಮಾತಲ್ಲದ್ದೊಂದು ಬರುತ್ತಿತ್ತು. ಅವ್ವ ಅವನ ಕಿವಿಗೆ ಬಾಯಿಟ್ಟು, ಅದು ಕರ್ಕಾಚ ಮಗನೇ, ತೆಗೀಬಾರದು, ತೆಗೆದರೆ ಒಳಗೆ ಬರುತ್ತೆ ಎಂದಳು. ಬೆಳಗ್ಗೆ ಬಾಗಿಲು ತೆಗೆದಾಗ ಕರ್ಕಾಚ ಇರಲಿಲ್ಲ. ಪಕ್ಕದ ಮನೆಯ ಪೌಲಿನೋ ಸತ್ತು ಬಿದ್ದಿದ್ದ. ಅವ್ವ ಆಮೇಲೂ, ಸಾಯುವವರೆಗೂ, ಅದು ಕರ್ಕಾಚವೇ ಎಂದಳು. ಉಗ್ರಾಣದಲ್ಲಿ ಗ್ರಿಮಾಲ್ದೊ ಬಾಯಿ ತೆರೆದಾಗ ಬಂದದ್ದು ಅದು. ನೆಮೆಸಿಯೋ ಕಿವಿಯ ಹೆಡ್‌ಫೋನು ತೆಗೆದು, ಮಾರಾಯ, ನನ್ನ ಕೈ ನೋಡು, ಎಂದು ನೆಟ್ಟಗಾದ ರೋಮ ತೋರಿಸಿ, ಎಲ್ಲಿ ಕಲಿತೆ ಇದನ್ನ ಎಂದು ಖುಷಿಯಲ್ಲಿ ಅಪ್ಪಿಕೊಂಡಿದ್ದ. ಹೀಗೇ ಬಂತು ಎಂದಿದ್ದ ಗ್ರಿಮಾಲ್ದೊ.

ತೆಗೆಯಬಾರದ ಬಾಗಿಲನ್ನು ಜನ ಹೇಗೆ ಗುರುತಿಸುತ್ತಾರೆ ಎಂದು ಯೋಚಿಸುತ್ತಲೇ ಅವನು ಅಬಿಲಿಯೋನ ಮನೆಯ ಮುಂದೆ ಬಂದು ನಿಂತ. ಹಿತ್ತಿಲ ಕಡೆಯಿಂದ ಬಂದು ರೂಢಿಯಾದ ಕಾಲುಗಳಿಗೆ ಮುಂಬಾಗಿಲು ಎತ್ತರವೆನಿಸಿತು.

ಅಂಗಳದ ತುಂಬ ಜನ. ಕಡಲೆಕಾಯಿ ಅರೆದು ಹಾಕಿದ ಕೆಂಪು ಆಲೂಗಡ್ಡೆ ಗೊಜ್ಜಿನ ಹಂಡೆ ಕುದಿಯುತ್ತಿತ್ತು, ಜೋಳದ ಕಳ್ಳಿನ ಮಡಕೆಗೆ ಎರಡನೇ ಸಲ ಕೈ ಹಾಕಿದವರು ಆಗಲೇ ಹಾಡಲು ಶುರುಮಾಡಿದ್ದರು. ಅಬಿಲಿಯೋ ತೋಳಗಲಿಸಿ ಬಂದವನು ಮುಖ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ. “ನಾನೇ ಹಿಡಿದು ಕಟ್ಟಿ ಮಸಿ ಬಳಿದವನು, ನನ್ನ ಮನೆಗೇ ಊಟಕ್ಕೆ ಬಂದಿದೀಯಲ್ಲೋ,” ಎಂದ. ಎಲ್ಲರೂ ನಕ್ಕರು. ನಗು ಇಳಿಯುವುದರೊಳಗೆ ಗ್ರಿಮಾಲ್ದೊ, ಮುಖ ಹೀಗಿದೆ, ಶುಭಕಾರ್ಯ, ಇನ್ನೊಂದು ವಾರ ಬಿಟ್ಟು ಮಾಡಿದರೆ ಹೇಗೆ ಎಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಹೊರಹಾಕಿದ. ಅದು ಇನ್ನೊಂದು ಜೋಕಾಯಿತು. ಹಂಡೆ ಕುದೀತಿದೆ, ಗೊಜ್ಜಿಗೆ ಹೇಳು ವಾರ ಬಿಟ್ಟು ಬಾ ಅಂತ, ಎಂದ ಅಬಿಲಿಯೋ, ಮರಿಯನ್ನು ಅವನ ಕೈಯಿಂದ ಇಸಿದುಕೊಂಡು.

ಸಾತು ಅಜ್ಜಿ ಗೋಡೆಯ ನೆರಳಲ್ಲಿ ಕೂತಿದ್ದಳು. ಅವನು ಬಗ್ಗಿ ಕೈ ಮುಟ್ಟಿದಾಗ ಅವಳು ಕೆನ್ನೆಯನ್ನು ಹೆಬ್ಬೆರಳಿಂದ ಒಮ್ಮೆ ಒತ್ತಿ ನೋಡಿ, ಹೆಬ್ಬೆರಳನ್ನು ನೋಡಿಕೊಂಡಳು. ಏನೂ ಅಂಟಿರಲಿಲ್ಲ. ಆಕ್ರೋಟದ ಬಣ್ಣ ಅಜ್ಜಿ ಎಂದು ಅವನು ಹೇಳಿದ. ಹೌದಾ, ಎಂದಳು ಅವಳು, ಅಷ್ಟೇ.

ನೆಮೆಸಿಯೋ ಮೂರುಗಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಕಾಯುತ್ತಿದ್ದ. ಅಬಿಲಿಯೋನಿಗೆ ವಿಡಿಯೋ ಪುಕ್ಕಟೆ, ಬದಲಿಗೆ ಇದು ಸಿನಿಮಾಕ್ಕೂ ಸೇರಲಿ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರಂತೆ. ಕಥೆಯಲ್ಲಿ ಅವನು ಮೃಗವಾಗುವ ಮೊದಲು ಮಗುವಿನ ಅಪ್ಪ ಅಮ್ಮನಿಗೆ ಕೊಂಪಾದ್ರೆ ಆಗಬೇಕಲ್ಲ, ಕೂದಲು ತೆಗೆಯುವ ಶಾಸ್ತ್ರವನ್ನು ಬೇರೆ ಮಾಡಿಸಲು ಎಲ್ಲಿಂದ ತರಲಿ ಇಷ್ಟು ಜನ, ಇಷ್ಟು ಊಟ, ಕೆನ್ನೆಯ ಮಸಿ ಕಾಣದ ಹಾಗೆ ತೆಗೀತೀನಿ ಬಿಡು, ಎಂದು ನೆಮೆಸಿಯೋ ವಿವರಿಸುತ್ತಿದ್ದರೆ ಗ್ರಿಮಾಲ್ದೊನ ಎದೆಯಲ್ಲಿ ಏನೋ ಒಂದು ಗುಂಡಿ ಬಿಚ್ಚಿಕೊಂಡಿತು. ಸಿನಿಮಾ. ಹಾಗಾದರೆ ಇದೂ ನೀಲಿ ಕಾಗದದ ಇರುಳೇ. ಮೇಲೆ ಸೂರ್ಯ ಇರುತ್ತಾನೆ, ಒಳಗೆ ಮಾತ್ರ ರಾತ್ರಿ. ಕತ್ತರಿ ಹಾಕುವವನು ಕಥೆಯವನು, ತಾನಲ್ಲ. ಸೈಕಲ್ ರಿಪೇರಿಯವನು ಗಂಟಲು ಸೀಳಿಸಿಕೊಂಡು ಸತ್ತ ಮಾರನೆಯ ದಿನ ಟ್ಯೂಬಿಗೆ ತೇಪೆ ಹಾಕುತ್ತ ಕೂತಿರಲಿಲ್ಲವೇ? ತಾನೂ ಹಾಗೆಯೇ ಎದ್ದು ಹೋಗಬಹುದು. ಲಾರಿ ಮತ್ತೆ ಕರಾವಳಿಗೆ ಹೋಗುತ್ತದೆ. ಈ ಆಲೋಚನೆಯ ಬೆನ್ನಲ್ಲೇ ನಾಚಿಕೆ ಬಂತು, ಆದರೆ ಆಲೋಚನೆ ಹೋಗಲಿಲ್ಲ. ಅವೆರಡೂ ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂತವು.

ಕೈ ತೊಳೆಯುವ ನೆಪದಲ್ಲಿ ಅವನು ಹಿತ್ತಿಲ ನಲ್ಲಿಯ ಹತ್ತಿರ ಹೋದ. ಎರ್ಮೆಲಿಂದಾ ಅಲ್ಲಿ ತಟ್ಟೆಗಳನ್ನು ನೀರಿಗೆ ಹಿಡಿಯುತ್ತಿದ್ದಳು. ಹಬ್ಬದ ಲಂಗ, ಎರಡು ಜಡೆ, ಮೂಗಿನ ಮೇಲೆ ಬೆವರು. ಅವನನ್ನು ಕಂಡು ಸರಿಯಲಿಲ್ಲ, ತಟ್ಟೆ ಕೆಳಗಿಡಲೂ ಇಲ್ಲ.

“ಮೊದಲ ಕತ್ತರಿಗೆ ಅಬಿಲಿಯೋ ಅವನ ಲಾರಿ ಯಜಮಾನರನ್ನ ಕರೀಬೇಕು ಅಂತಿದ್ದ,” ಎಂದಳು, ಮೆಲ್ಲನೆ. “ನಿನ್ನ ಹೆಸರು ಹೇಳಿದ್ದು ನಾನು.”

ಅವನಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾದದ್ದು ಕಾಲಿನಿಂದ ಮೇಲಕ್ಕೆ ಬರಲು ಹೊತ್ತು ಹಿಡಿಯಿತು. ಏಕೆ ಎಂದು ಕೇಳಿದ.

“ಅಗುಳಿ ಹಾಕಿದ್ರೆ ನಾನೇ ತೆಗೀತೀನಿ. ಎಷ್ಟು ಸಲ ಹಾಕಿದೆ, ಎಷ್ಟು ಸಲ ತೆಗೆದೆ. ನಾನು ತೆಗೆಯೋಕಾಗದ ಅಗುಳಿ ಬೇಕಿತ್ತು.” ತಟ್ಟೆಯ ನೀರು ಜಾಡಿಸಿದಳು. “ನೀನು ಕತ್ತರಿ ಹಾಕಿದ ಮೇಲೆ ನಾನೂ ಕರೆಯೋಹಾಗಿಲ್ಲ, ನೀನೂ ಬರೋಹಾಗಿಲ್ಲ. ಬಂದ್ರೆ ನಾವು ಏನಾಗ್ತೀವಿ ಅಂತ ಇಬ್ಬರಿಗೂ ಗೊತ್ತು.”

“ನೆಮೆಸಿಯೋ ಇದನ್ನ ಸಿನಿಮಾಕ್ಕೆ ತೆಗೀತಿದಾನೆ,” ಎಂದ ಗ್ರಿಮಾಲ್ದೊ. ಹೇಳಿದ ಮೇಲೆ ತನ್ನ ದನಿ ತನಗೇ ಅಸಹ್ಯವಾಗಿ ಕೇಳಿಸಿತು, ಅಂಗಡಿಯಲ್ಲಿ ಬಟ್ಟೆ ಕದ್ದು ಸಿಕ್ಕಿಬಿದ್ದ ಹುಡುಗನ ದನಿ.

ಅವಳು ಮೊದಲ ಸಲ ಅವನನ್ನು ನೇರ ನೋಡಿದಳು. ಕಪ್ಪು ಕೆನ್ನೆಯನ್ನಲ್ಲ, ಕಣ್ಣನ್ನು. ಅವನು ಯಾವ ಕಿಂಡಿಯಲ್ಲಿ ನುಸುಳಲು ಹೊರಟಿದ್ದಾನೆಂದು ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಬೇಸರವೋ ಕನಿಕರವೋ, ತುಟಿಯ ತುದಿ ಒಂದಿಷ್ಟು ಇಳಿಯಿತು. ತಟ್ಟೆಗಳನ್ನು ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು. ನಲ್ಲಿ ಹಾಗೇ ಸುರಿಯುತ್ತಿತ್ತು. ಅವನು ಅದನ್ನು ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ, ಕೆನ್ನೆಗೆ ನೀರೆರಚಿಕೊಂಡ.

ಮಗುವನ್ನು ಅಂಗಳದ ನಡುವೆ ಕುರ್ಚಿಯ ಮೇಲೆ ಕೂರಿಸಿದ್ದರು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು ಭುಜ ದಾಟಿ ಇಳಿದಿತ್ತು. ಅದನ್ನು ಪುಟ್ಟ ಪುಟ್ಟ ಜುಟ್ಟುಗಳಾಗಿ ಬೇರ್ಪಡಿಸಿ ಒಂದೊಂದಕ್ಕೂ ಬಣ್ಣದ ಟೇಪು ಕಟ್ಟಿದ್ದರು. ಎಲ್ಮೆರ್ ಹುಡುಗಿಯ ಹಾಗೆ ಕಾಣುತ್ತಿದ್ದ, ಅದಕ್ಕೆ ಅವನಿಗೇ ಸಿಟ್ಟು ಬಂದಂತಿತ್ತು. ಪಕ್ಕದಲ್ಲಿ ಹೂವಿಟ್ಟ ತಟ್ಟೆ, ಅದರ ಮೇಲೆ ಕತ್ತರಿ. ಗ್ರಿಮಾಲ್ದೊ ಕತ್ತರಿ ಎತ್ತಿಕೊಂಡ. ಅಡುಗೆಮನೆಯ ಕತ್ತರಿ, ನಡುವಿನ ಮೊಳೆ ಸಡಿಲ. ಕೈಗೆ ಕತ್ತರಿ ಬಂದರೆ ಅವನ ಮೈ ಹದಕ್ಕೆ ಬರುತ್ತದೆ, ಇವತ್ತು ಬರಲಿಲ್ಲ. ಕ್ಯಾಮೆರಾದ ಕೆಂಪು ಚುಕ್ಕೆ ಹೊತ್ತಿತು. ಅವನು ಅದರ ಕಡೆ ನೋಡಿದ, ಬಾವಿಗೆ ಬಿದ್ದವನು ಮೇಲಿನ ಬೆಳಕನ್ನು ನೋಡುವ ಹಾಗೆ.

“ನೆಮೆಸಿಯೋ ಅಣ್ಣ, ಅದನ್ನ ನಿಲ್ಲಿಸಿ,” ಎಂದಳು ಎರ್ಮೆಲಿಂದಾ.

ಏನಮ್ಮಾ ಎಂದ ನೆಮೆಸಿಯೋ.

“ಇದು ನನ್ನ ಮಗಂದು. ಇದನ್ನ ಮೊದಲು ದೇವರು ನೋಡಲಿ. ಸಿನಿಮಾಕ್ಕೆ ಬೇಕಾದ್ರೆ ಆಮೇಲೆ ಇನ್ನೊಂದು ಜುಟ್ಟು ಕತ್ತರಿಸಿ ಆಡಿ ತೋರಿಸ್ತೀವಿ.”

ಅಬಿಲಿಯೋ, ಸರಿಯಾಗಿ ಹೇಳಿದಳು, ಎಂದು ಹೆಮ್ಮೆಯಿಂದ ಸುತ್ತ ನೋಡಿದ. ಸಾತು ಅಜ್ಜಿ ತಲೆಯಾಡಿಸಿದಳು. ಕೆಂಪು ಚುಕ್ಕೆ ಆರಿತು. ಆಮೇಲೆ ಏನೂ ಉಳಿಯಲಿಲ್ಲ, ಬಿಸಿಲು ಉಳಿಯಿತು, ಅದಕ್ಕೆ ಯಾವ ಬಣ್ಣದ ಕಾಗದವೂ ಇರಲಿಲ್ಲ. ಈಗ ಕತ್ತರಿ ಕೆಳಗಿಟ್ಟು ನನ್ನಿಂದಾಗದು ಎಂದುಬಿಡಬಹುದಿತ್ತು. ಒಂದು ಮಾತು, ಆಮೇಲೆ ಆಗುವುದೆಲ್ಲ ಆಗಲಿ. ಆ ಮಾತು ಗಂಟಲವರೆಗೆ ಬಂದದ್ದು ಅವನಿಗೆ ಗೊತ್ತಾಯಿತು, ಬಂದು ಅಲ್ಲಿ ಬಾಗಿಲು ಕೆರೆಯಿತು. ಅವನು ತೆಗೆಯಲಿಲ್ಲ. ಹಣೆಯ ಮೇಲಿನ ಜುಟ್ಟನ್ನು ಎರಡು ಬೆರಳಲ್ಲಿ ಹಿಡಿದ. ಮಗು ಅವನ ಕೆನ್ನೆಯನ್ನೇ ನೋಡುತ್ತ, ಕರ್ಕಾಚ, ಎಂದು ಪಿಸುಗುಟ್ಟಿತು, ಹೆದರಿಕೆಯಿಂದಲ್ಲ, ಗುರುತು ಸಿಕ್ಕ ಸಂತೋಷದಿಂದ. ಕತ್ತರಿ ಕಚ್ಚಿತು. ಕೂದಲು ಕತ್ತರಿಸುವ ಸದ್ದು ಬಟ್ಟೆಯದರ ಹಾಗಲ್ಲ. ಯಾರೋ ಪಕ್ಕದಲ್ಲಿ ಕೂತು ಒಣ ರೊಟ್ಟಿ ಅಗಿದ ಹಾಗೆ ಕೇಳಿಸಿತು. ಜುಟ್ಟನ್ನು ಹೂವಿನ ಪಕ್ಕದಲ್ಲಿಟ್ಟ. ಹೆಂಗಸರು ಎತ್ತರದ ದನಿಯಲ್ಲಿ ಹಾಡು ಎತ್ತಿದರು.

ಅಬಿಲಿಯೋ ಕಣ್ಣಲ್ಲಿ ನೀರು ತುಂಬಿಕೊಂಡು ಅವನನ್ನು ಅಪ್ಪಿಕೊಂಡ. “ಕೊಂಪಾದ್ರೆ,” ಎಂದ, “ಇನ್ನು ನಿಮ್ಮನ್ನ ಏಕವಚನದಲ್ಲಿ ಕರೆದ್ರೆ ನನ್ನ ನಾಲಿಗೆ ಸೇದಿಹೋಗಲಿ. ಇದು ನಿಮ್ಮ ಮನೆ, ಯಾವಾಗ ಬೇಕಾದ್ರೂ ಬನ್ನಿ.” ಅವನ ಬೆವರು, ಕಳ್ಳಿನ ಹುಳಿ, ಇಟ್ಟಿಗೆಯ ಧೂಳು ಎಲ್ಲ ಸೇರಿದ ವಾಸನೆ. ಒಳ್ಳೆಯವನ ವಾಸನೆ ಇದು ಎಂದುಕೊಂಡ ಗ್ರಿಮಾಲ್ದೊ. ಕತ್ತನ್ನು ಎಲ್ಲಿ ಇಡುವುದೆಂದು ತಿಳಿಯದೆ ಅವನ ಭುಜದ ಆಚೆ ಚಾಚಿಕೊಂಡು ನಿಂತ.

ಆಮೇಲೆ ನೆಮೆಸಿಯೋನ ಸರದಿ. ಸಿನಿಮಾದ ಕೊಮಾದ್ರೆ ಶಾಲೆಯ ಟೀಚರು, ಅವಳು ಬಂದಿರಲಿಲ್ಲ. ಎರ್ಮೆಲಿಂದಾ, ನೀವೇ ಒಂದು ಕ್ಷಣ ನಿಂತುಕೊಳ್ಳಿ, ಕತ್ತರಿ ಹಾಕುವಾಗ ಇವನ ಕಡೆ ಒಂದು ನೋಟ, ಅಷ್ಟು ಸಾಕು, ಎಂದ. ಎಂಥ ನೋಟ ಎಂದು ಯಾರೋ ಕೇಳಿದರು. ಮುಂದೆ ಕೆಡುವವರ ನೋಟ, ಎಂದ ನೆಮೆಸಿಯೋ. ಅಂಗಳ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಬಿಲಿಯೋ: ನೋಡೇ, ಚೆನ್ನಾಗಿ ನೋಡು, ನಾಚಿಕೋಬೇಡ, ಸಿನಿಮಾ ತಾನೇ. ಕೆಂಪು ಚುಕ್ಕೆ ಹೊತ್ತಿತು. ಗ್ರಿಮಾಲ್ದೊ ಕಿವಿಯ ಪಕ್ಕದ ಜುಟ್ಟು ಹಿಡಿದ. ಎರ್ಮೆಲಿಂದಾ ತಲೆಯೆತ್ತಿ ನೋಡಿದಳು. ಅದೇ ನೋಟ. ಹಿತ್ತಿಲ ಬಾಗಿಲನ್ನು ಒಳಗಿನಿಂದ ಎಳೆದು ಅರೆತೆರೆದಾಗ, ಕತ್ತಲ ಕಡೆಯಿಂದ ಬಿಸಿಲ ಕಡೆಗೆ, ಅವಳು ನೋಡುತ್ತಿದ್ದ ನೋಟ. ಈಗ ಅಗುಳಿ ಭದ್ರವಾಗಿದೆ, ಆದ್ದರಿಂದ ಕೊಡಬಹುದು. ಇಷ್ಟು ಜನರ ಎದುರಿಗೆ, ಗಂಡನ ಚಪ್ಪಾಳೆಯ ನಡುವೆ, ಒಂದೇ ಒಂದು ಸಲ, ಪೂರ್ತಿಯಾಗಿ. ಅವನ ಮೈಯೆಲ್ಲ ಎದ್ದು ನಿಂತಿತು. ಕತ್ತರಿ ಹಾಕಿ ಇನ್ನೂ ಒಂದು ಲೋಟ ಕಳ್ಳು ಇಳಿಯುವಷ್ಟು ಹೊತ್ತೂ ಆಗಿರಲಿಲ್ಲ, ಆಗಲೇ ತಾನು ಅದಾಗಿದ್ದೇನೆಂದು ಅವನಿಗೆ ತಿಳಿಯಿತು. ಚಂದ ಬಂತು, ಎಂದ ನೆಮೆಸಿಯೋ. ಎರ್ಮೆಲಿಂದಾ ಕಣ್ಣು ಕೆಳಗೆ ಮಾಡಿ, “ಕೈ ಜೋಪಾನ ಕೊಂಪಾದ್ರೆ, ಕತ್ತರಿ ಸಡಿಲ ಇದೆ, ನಿಮಗೆ ತಾಕೀತು,” ಎಂದಳು. ಅವಳು ಅವನನ್ನು ನೀವು ಎಂದದ್ದು ಅದೇ ಮೊದಲು.

ಉಳಿದವರು ಒಬ್ಬೊಬ್ಬರಾಗಿ ಬಂದರು. ಒಬ್ಬ ಚಿಕ್ಕಪ್ಪ ಒಂದು ಜುಟ್ಟು ಕತ್ತರಿಸಿ ಸಾಕಲು ಜೋಡಿ ಗಿನಿಯಿಲಿ ಕೊಟ್ಟ, ನೆರೆಯವಳು ಒಂದು ಜುಟ್ಟು ಕತ್ತರಿಸಿ ಸ್ವೆಟರು ಕೊಟ್ಟಳು. ಗ್ರಿಮಾಲ್ದೊ ಕಂಬಕ್ಕೆ ಒರಗಿ ನಿಂತು ಕೈಗೆ ಕೊಟ್ಟದ್ದನ್ನು ಕುಡಿಯುತ್ತಿದ್ದ. ತಟ್ಟೆಯ ಮೇಲೆ ಕೂದಲು ಏರಿತು, ಕುರ್ಚಿಯ ಮೇಲಿದ್ದ ಹುಡುಗಿ ಕರಗಿ ಹುಡುಗನೊಬ್ಬ ಮೂಡತೊಡಗಿದ. ಮೊದಲು ಹಣೆ ಬಂತು, ಅದು ಎರ್ಮೆಲಿಂದಾಳದು. ಕಿವಿ ಬಂದವು, ಯಾರ ಕಿವಿಯಾದರೂ ಆಗಬಹುದಾದ ಕಿವಿಗಳು. ಕೊನೆಗೆ ಹಿಂದಿನ ಜುಟ್ಟುಗಳನ್ನು ಯಾರೋ ಒಟ್ಟಿಗೆ ಹಿಡಿದು ಕತ್ತರಿಸಿದರು. ಮಗು ಹಗುರಾದ ತಲೆಯನ್ನು ಅತ್ತಿತ್ತ ಅಲ್ಲಾಡಿಸಿ, ತನ್ನ ಕೂದಲು ಎಲ್ಲಿ ಹೋಯಿತೆಂದು ನೋಡಲು ತಟ್ಟೆಯ ಕಡೆಗೆ ಕತ್ತು ಚಾಚಿತು.

ಉದ್ದ ಕತ್ತು. ತೆಳ್ಳಗೆ, ಮುಂದಕ್ಕೆ ಒಂದಿಷ್ಟು ಬಾಗಿ. ಭುಜದಿಂದ ಗದ್ದದವರೆಗಿನ ಆ ಬಾಗಿದ ಗೆರೆಯನ್ನೇ ಗ್ರಿಮಾಲ್ದೊ ತನ್ನ ಅಳತೆಯೆಂದು ತುಪ್ಪಳದ ತೊಗಲಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದ. ಲೋಟ ಅವನ ಬಾಯಿಯ ಹತ್ತಿರವೇ ನಿಂತಿತು. ಎರ್ಮೆಲಿಂದಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಕೈ ತನ್ನ ಗಂಟಲನ್ನು ತಾನೇ ಹಿಡಿದುಕೊಂಡಿತ್ತು. ಹಾಡುತ್ತಿದ್ದ ಹೆಂಗಸರಲ್ಲಿ ಒಬ್ಬಳು ಹಾಡು ಬಿಟ್ಟಳು. ನೋಡ್ರೋ ನನ್ನ ಮಗ ಎಷ್ಟೆತ್ತರ ಬೆಳೀತಾನೆ, ಎಂದ ಅಬಿಲಿಯೋ, ಮರಿಯ ಕಿವಿ ಸವರುತ್ತ.

ಸಾತು ಅಜ್ಜಿ ಗೋಡೆ ಹಿಡಿದುಕೊಂಡು ಎದ್ದಳು. ಬೆನ್ನ ಮೇಲಿನ ದಪ್ಪ ಶಾಲನ್ನು ತೆಗೆದಳು, ಬಿಸಿಲಲ್ಲಿ ಅಂಗಳ ದಾಟಿ ಬಂದಳು, ಮೊಮ್ಮಗನ ಕತ್ತಿಗೆ ಅದನ್ನು ಒಂದು ಸುತ್ತು ಸುತ್ತಿದಳು, ಇನ್ನೊಂದು ಸುತ್ತು ಸುತ್ತಿದಳು, ಗದ್ದದವರೆಗೂ.

“ಇಂಥ ಸೆಕೇಲಿ ಯಾಕಮ್ಮಾ ಅದು?” ಎಂದ ಅಬಿಲಿಯೋ.

“ಗಾಳಿ,” ಎಂದಳು ಅಜ್ಜಿ.

ಅವಳು ಗ್ರಿಮಾಲ್ದೊನ ಕಡೆ ನೋಡಲಿಲ್ಲ. ಶಾಲಿನ ಎರಡು ತುದಿಗಳನ್ನು ಹಿಂದಕ್ಕೆ ಎಳೆದು, ಎಡಗೈಯಿಂದ, ಎಡಕ್ಕೆ ತಿರುಗಿಸಿ, ಮೊನ್ನೆ ಹಾಕಿದ್ದಂಥದೇ ಗಂಟು ಹಾಕಿದಳು. ಮಗು ಒಂದೆರಡು ಸಲ ಬೆರಳು ತೂರಿಸಿ ಎಳೆದು ನೋಡಿತು, ಆಮೇಲೆ ಬಿಟ್ಟಿತು.